ಕಬ್ಬಿಣ, ಉಸಿರು ಮತ್ತು ಕಮಲಾ ಸೊಹೊನಿ

1933ನೇ ಇಸವಿ. ಬೆಂಗಳೂರಿನ ಭಾರತೀಯ ವಿಜ್ಞಾನ ಸಂಸ್ಥೆಯ ನಿರ್ದೇಶಕರ ಕಚೇರಿಯ ಮುಂದೆ ಇಪ್ಪತ್ತೆರಡರ ತರುಣಿಯೊಬ್ಬಳು ಪಟ್ಟು ಹಿಡಿದು ನಿಂತಿದ್ದಳು. ಮುಂಬಯಿ ವಿಶ್ವವಿದ್ಯಾಲಯದ ಬಿ.ಎಸ್ಸಿ. ಪದವಿ ಪಡೆದು ಬಂದಿದ್ದ ಆಕೆಗೆ ಸಂಶೋಧನಾ ವಿದ್ಯಾರ್ಥಿಯಾಗುವ ಅರ್ಹತೆ ಎಲ್ಲ ರೀತಿಯಲ್ಲೂ ಇದ್ದಿತು. ಆದರೂ ಅರ್ಜಿ ತಿರಸ್ಕೃತವಾಗಿತ್ತು. ಕಾರಣ ಒಂದೇ, ಆಕೆ ಹೆಣ್ಣು. ತಿರಸ್ಕರಿಸಿದವರು ಸಾಮಾನ್ಯರಲ್ಲ, ಮೂರು ವರ್ಷಗಳ ಹಿಂದಷ್ಟೇ ನೊಬೆಲ್ ಪಾರಿತೋಷಕ ಪಡೆದಿದ್ದ ಸರ್ ಸಿ.ವಿ. ರಾಮನ್. ಗಾಂಧೀಜಿಯವರ ಸತ್ಯಾಗ್ರಹದ ಕಾಲವದು. ಆ ತರುಣಿಯೂ ಅದೇ ದಾರಿ ಹಿಡಿದಳು. ಅರ್ಹತೆಯಿದ್ದೂ ಪ್ರವೇಶ ಏಕಿಲ್ಲ ಎಂಬ ಪ್ರಶ್ನೆಗೆ ಉತ್ತರ ಸಿಗುವವರೆಗೆ ಅಲ್ಲಿಂದ ಕದಲಲಿಲ್ಲ.

ಆಕೆಯ ಹೆಸರು ಕಮಲಾ ಭಾಗವತ್. ಮುಂದೆ ಡಾ. ಕಮಲಾ ಸೊಹೊನಿ ಎಂದು ದೇಶಕ್ಕೆ ಪರಿಚಿತರಾದವರು. ವಿಜ್ಞಾನ ವಿಷಯದಲ್ಲಿ ಪಿಎಚ್.ಡಿ. ಪದವಿ ಪಡೆದ ಮೊದಲ ಭಾರತೀಯ ಮಹಿಳೆ ಎಂಬ ಹಿರಿಮೆ ಅವರದು. ಜೀವಕೋಶ ಉಸಿರಾಡುವುದು ಹೇಗೆ, ಆ ಉಸಿರಾಟದಲ್ಲಿ ಕಬ್ಬಿಣದ ಪಾತ್ರವೇನು ಎಂಬ ಪ್ರಶ್ನೆಗಳ ಬೆನ್ನು ಹತ್ತಿದ ಪೀಳಿಗೆಗೆ ಸೇರಿದವರು ಅವರು. ಅದೇ ಕಬ್ಬಿಣ ಇಂದು ಕ್ಯಾನ್ಸರ್ ಸಂಶೋಧನೆಯ ಕೇಂದ್ರದಲ್ಲಿ ಮತ್ತೆ ಕಾಣಿಸಿಕೊಂಡಿದೆ. ಕ್ಯಾನ್ಸರ್ ಕೋಶವನ್ನು ಅದರೊಳಗಿನ ಕಬ್ಬಿಣದಿಂದಲೇ ಕೊಲ್ಲಬಹುದೇ ಎಂದು ಜಗತ್ತಿನ ಅನೇಕ ಪ್ರಯೋಗಾಲಯಗಳು ಹುಡುಕಾಟ ನಡೆಸಿವೆ. ಈ ಹೊತ್ತಿನಲ್ಲಿ ಕಮಲಾ ಅವರ ಬದುಕನ್ನು ನೆನೆಯುವುದು ಉಚಿತವಾದೀತು.

ರಸಾಯನಶಾಸ್ತ್ರಜ್ಞರ ಮನೆತನ

ಕಮಲಾ ಹುಟ್ಟಿದ್ದು 1911ರ ಜೂನ್ 18ರಂದು, ಇಂದೋರಿನಲ್ಲಿ. ತಂದೆ ನಾರಾಯಣರಾವ್ ಭಾಗವತ್ ಮತ್ತು ಚಿಕ್ಕಪ್ಪ ಮಾಧವರಾವ್ ಭಾಗವತ್ ಇಬ್ಬರೂ ರಸಾಯನಶಾಸ್ತ್ರಜ್ಞರು. ಬೆಂಗಳೂರಿಗರು ಟಾಟಾ ಇನ್‌ಸ್ಟಿಟ್ಯೂಟ್ ಎಂದೇ ಕರೆಯುವ ಭಾರತೀಯ ವಿಜ್ಞಾನ ಸಂಸ್ಥೆ 1909ರಲ್ಲಿ ಸ್ಥಾಪನೆಯಾಗಿ, 1911ರಲ್ಲಿ ಮೊದಲ ವಿದ್ಯಾರ್ಥಿಗಳನ್ನು ಸೇರಿಸಿಕೊಂಡಿತು. ಅದರ ಆರಂಭದ ಕಾಲದಲ್ಲಿ ಕಲಿತು ಹೊರಬಂದವರಲ್ಲಿ ಈ ಸೋದರರೂ ಇದ್ದರು. ಮನೆಯಲ್ಲಿ ವಿಜ್ಞಾನದ ಮಾತು ಊಟದಷ್ಟೇ ಸಹಜವಾಗಿತ್ತು. ಅಕ್ಕ ದುರ್ಗಾ ಭಾಗವತ್ ಮುಂದೆ ಮರಾಠಿಯ ಹೆಸರಾಂತ ಲೇಖಕಿ ಹಾಗೂ ಜಾನಪದ ವಿದ್ವಾಂಸೆಯಾದರು. ತುರ್ತು ಪರಿಸ್ಥಿತಿಯ ವಿರುದ್ಧ ನಿರ್ಭೀತಿಯಿಂದ ದನಿಯೆತ್ತಿದವರು ಅವರು. ಅನ್ಯಾಯಕ್ಕೆ ತಲೆಬಾಗದಿರುವುದು ಆ ಮನೆಯ ಹೆಣ್ಣುಮಕ್ಕಳಿಗೆ ರಕ್ತಗತವಾಗಿತ್ತೆಂದರೆ ತಪ್ಪಾಗದು.

ಕಮಲಾ ಮುಂಬಯಿಯಲ್ಲಿ ರಸಾಯನಶಾಸ್ತ್ರವನ್ನು ಮುಖ್ಯ ವಿಷಯವಾಗಿ, ಭೌತಶಾಸ್ತ್ರವನ್ನು ಉಪವಿಷಯವಾಗಿ ಓದಿ 1933ರಲ್ಲಿ ಪದವಿ ಪಡೆದರು. ಆ ದಿನಗಳಲ್ಲಿ ಧಾರವಾಡ ಜಿಲ್ಲೆಯೂ ಮುಂಬಯಿ ಪ್ರಾಂತ್ಯಕ್ಕೆ ಸೇರಿತ್ತು. 1917ರಲ್ಲಿ ಆರಂಭವಾದ ಧಾರವಾಡದ ಕರ್ನಾಟಕ ಕಾಲೇಜಿನ ವಿದ್ಯಾರ್ಥಿಗಳು ಬರೆಯುತ್ತಿದ್ದುದೂ ಮುಂಬಯಿ ವಿಶ್ವವಿದ್ಯಾಲಯದ ಪರೀಕ್ಷೆಯನ್ನೇ. ಧಾರವಾಡಕ್ಕೆ ತನ್ನದೇ ಆದ ಕರ್ನಾಟಕ ವಿಶ್ವವಿದ್ಯಾಲಯ ದೊರೆತದ್ದು ಸ್ವಾತಂತ್ರ್ಯದ ನಂತರ. ಆದ್ದರಿಂದ 1933ರಲ್ಲಿ ಧಾರವಾಡದ ವಿಜ್ಞಾನ ಪದವೀಧರೆಯೊಬ್ಬಳು ಸಂಶೋಧನೆಯ ಕನಸು ಕಂಡು ಬೆಂಗಳೂರಿನತ್ತ ಮುಖ ಮಾಡಿದ್ದರೆ ಆಕೆಯ ಕೈಯಲ್ಲೂ ಅದೇ ವಿಶ್ವವಿದ್ಯಾಲಯದ ಪ್ರಮಾಣಪತ್ರ ಇರುತ್ತಿತ್ತು. ಆಕೆಯ ಎದುರೂ ಅದೇ ಬಾಗಿಲು ಮುಚ್ಚಿರುತ್ತಿತ್ತು.

ಷರತ್ತಿನ ಪ್ರವೇಶ

ಕೊನೆಗೆ ರಾಮನ್ ಮಣಿದರು. ಆದರೆ ಷರತ್ತುಗಳನ್ನು ಹಾಕಿದರು. ಮೊದಲ ವರ್ಷ ಕಮಲಾ ಅವರನ್ನು ಪೂರ್ಣ ಪ್ರಮಾಣದ ವಿದ್ಯಾರ್ಥಿಯೆಂದು ಪರಿಗಣಿಸುವುದಿಲ್ಲ, ಪರೀಕ್ಷಾರ್ಥವಾಗಿ ಮಾತ್ರ ಇರಬೇಕು. ಕೆಲಸದ ಗುಣಮಟ್ಟ ನಿರ್ದೇಶಕರಿಗೆ ಒಪ್ಪಿಗೆಯಾದರೆ ಮಾತ್ರ ಅದಕ್ಕೆ ಮಾನ್ಯತೆ. ಮೇಲಾಗಿ, ಸಂಸ್ಥೆಯ ಪುರುಷ ಸಂಶೋಧಕರ ಚಿತ್ತ ಕೆಡಲು ಅವರ ಇರವು ಕಾರಣವಾಗಕೂಡದು. ಈ ಕೊನೆಯ ಷರತ್ತು ಕಮಲಾ ಅವರನ್ನು ಬಹುವಾಗಿ ನೋಯಿಸಿತು. ಇಳಿವಯಸ್ಸಿನಲ್ಲಿ ವಿಜ್ಞಾನಿಗಳ ಸಭೆಯೊಂದರಲ್ಲಿ ಆ ಪ್ರಸಂಗವನ್ನು ನೆನೆಯುವಾಗಲೂ ಅವರು ಅದನ್ನು ಅವಮಾನವೆಂದೇ ಬಣ್ಣಿಸಿದರು. ರಾಮನ್ ಮಹಾನ್ ವಿಜ್ಞಾನಿಯೆಂಬುದರಲ್ಲಿ ಅವರಿಗೆ ಸಂಶಯವಿರಲಿಲ್ಲ. ಅಂಥವರ ಮನಸ್ಸೂ ಈ ವಿಷಯದಲ್ಲಿ ಸಂಕುಚಿತವಾಗಿತ್ತಲ್ಲ ಎಂಬುದೇ ಅವರ ನೋವಾಗಿತ್ತು.

ಆದರೂ ಅವರು ಷರತ್ತುಗಳನ್ನು ಒಪ್ಪಿ ಒಳಗೆ ಕಾಲಿಟ್ಟರು. ಸಂಸ್ಥೆಯ ಜೀವರಸಾಯನ ವಿಭಾಗದಲ್ಲಿ ಎಂ. ಶ್ರೀನಿವಾಸಯ್ಯ ಅವರು ಮಾರ್ಗದರ್ಶಕರಾಗಿ ದೊರೆತುದು ಕಮಲಾ ಅವರ ಭಾಗ್ಯ. ಶಿಸ್ತಿನಲ್ಲಿ ಕಠಿಣರಾದ ಶ್ರೀನಿವಾಸಯ್ಯನವರು ಕಲಿಸುವುದರಲ್ಲಿ ಉದಾರಿಗಳಾಗಿದ್ದರು. ಹಾಲು, ಬೇಳೆಕಾಳುಗಳಲ್ಲಿರುವ ಪ್ರೋಟೀನುಗಳ ಅಧ್ಯಯನ ಅಲ್ಲಿ ನಡೆಯಿತು. ಕಾಳುಗಳಲ್ಲಿನ ಸಾರಜನಕದ ಸ್ವರೂಪವನ್ನು ಕುರಿತು ಗುರು–ಶಿಷ್ಯೆ ಜೊತೆಯಾಗಿ ಬರೆದ ಪ್ರಬಂಧ 1935ರಲ್ಲಿ ಬ್ರಿಟನ್ನಿನ ಬಯೋಕೆಮಿಕಲ್ ಜರ್ನಲ್‌ನಲ್ಲಿ ಪ್ರಕಟವಾಯಿತು. ಬಡವರ ತಟ್ಟೆಯಲ್ಲಿ ಮಾಂಸದ ಸ್ಥಾನ ತುಂಬುವುದು ಬೇಳೆಯೇ ಆದ್ದರಿಂದ ಈ ಸಂಶೋಧನೆಗೆ ಪಾಂಡಿತ್ಯಕ್ಕಿಂತ ಹೆಚ್ಚಿನ ಅರ್ಥವಿದ್ದಿತು.

ಒಂದು ವರ್ಷ ಕಳೆಯುವಷ್ಟರಲ್ಲಿ ರಾಮನ್ ಅವರಿಗೆ ಕಮಲಾ ಅವರ ನಿಷ್ಠೆ ಮನದಟ್ಟಾಯಿತು. ಪ್ರವೇಶ ಕಾಯಂ ಆಯಿತು. 1936ರಲ್ಲಿ ಕಮಲಾ ಮುಂಬಯಿ ವಿಶ್ವವಿದ್ಯಾಲಯದ ಎಂ.ಎಸ್ಸಿ. ಪಡೆದರು. ಮುಂದಿನ ವರ್ಷಗಳಲ್ಲಿ ಸಂಸ್ಥೆಗೆ ಇತರ ಮಹಿಳೆಯರೂ ಬಂದರು. 1940ರಲ್ಲಿ ಅನ್ನಾ ಮಣಿ ರಾಮನ್ ಅವರ ಪ್ರಯೋಗಾಲಯವನ್ನೇ ಸೇರಿದರು. 1943ರಲ್ಲಿ ಕರ್ನಾಟಕದವರೇ ಆದ ರಾಜೇಶ್ವರಿ ಚಟರ್ಜಿ ಸಂಸ್ಥೆಯಲ್ಲಿ ಸಂಶೋಧನೆ ಆರಂಭಿಸಿದರು. ಕಮಲಾ ತಮಗಾಗಿ ತಟ್ಟಿದ ಬಾಗಿಲು ಅನೇಕರಿಗಾಗಿ ತೆರೆದುಕೊಂಡಿತು.

ಕೇಂಬ್ರಿಜ್‌ನ ಆಲೂಗಡ್ಡೆ

1937ರ ಡಿಸೆಂಬರಿನಲ್ಲಿ ಕಮಲಾ ಕೇಂಬ್ರಿಜ್‌ನ ನ್ಯೂನ್‌ಹ್ಯಾಮ್ ಕಾಲೇಜಿಗೆ ಸೇರಿದರು. ಅಲ್ಲಿಯ ಜೀವರಸಾಯನ ಪ್ರಯೋಗಾಲಯದ ಮುಖ್ಯಸ್ಥರು ಸರ್ ಫ್ರೆಡರಿಕ್ ಗೌಲೆಂಡ್ ಹಾಪ್ಕಿನ್ಸ್. ಜೀವಸತ್ವಗಳ ಸಂಶೋಧನೆಗಾಗಿ 1929ರ ನೊಬೆಲ್ ಪುರಸ್ಕಾರದಲ್ಲಿ ಪಾಲು ಪಡೆದವರು. ಮಹಿಳೆಯರಿಗೆ ಮುಕ್ತವಾಗಿ ಅವಕಾಶ ನೀಡಿದ ವಿರಳ ವಿಜ್ಞಾನಿಗಳಲ್ಲಿ ಅವರೊಬ್ಬರು. ಮೊದಲು ಡೆರೆಕ್ ರಿಕ್ಟರ್ ಅವರ ಜೊತೆ, ಅವರು ತೆರಳಿದ ಬಳಿಕ ರಾಬಿನ್ ಹಿಲ್ ಅವರ ಜೊತೆ ಕಮಲಾ ಕೆಲಸ ಮಾಡಿದರು.

ಅಂದಿನ ದೊಡ್ಡ ಪ್ರಶ್ನೆ ಜೀವಕೋಶದ ಉಸಿರಾಟ. ನಾವು ಎಳೆದುಕೊಂಡ ಆಮ್ಲಜನಕ ಕೋಶದೊಳಗೆ ಹೋಗಿ ಆಹಾರದಿಂದ ಶಕ್ತಿಯನ್ನು ಬಿಡಿಸುವುದು ಹೇಗೆ? ಜರ್ಮನಿಯ ಒಟ್ಟೊ ವಾರ್ಬರ್ಗ್ ಈ ಕಾರ್ಯದಲ್ಲಿ ಕಬ್ಬಿಣವಿರುವ ಕಿಣ್ವವೊಂದು ಪಾಲ್ಗೊಳ್ಳುತ್ತದೆಂದು ತೋರಿಸಿ 1931ರಲ್ಲಿ ನೊಬೆಲ್ ಪಡೆದರು. ಕ್ಯಾನ್ಸರ್ ಕೋಶಗಳು ಆಮ್ಲಜನಕವಿದ್ದಾಗಲೂ ಸಕ್ಕರೆಯನ್ನು ಹುದುಗಿಸುತ್ತಲೇ ಬದುಕುತ್ತವೆ ಎಂಬುದನ್ನು 1920ರ ದಶಕದಲ್ಲಿ ಗುರುತಿಸಿದವರೂ ಅವರೇ. ಕೇಂಬ್ರಿಜ್‌ನಲ್ಲಿ ಡೇವಿಡ್ ಕೈಲಿನ್ 1925ರಲ್ಲಿ ಸೈಟೋಕ್ರೋಮ್ ಎಂಬ ಬಣ್ಣದ ಪ್ರೋಟೀನುಗಳನ್ನು ವಿವರಿಸಿದ್ದರು. ಇವುಗಳ ಒಡಲಲ್ಲಿ ಕಬ್ಬಿಣದ ಪರಮಾಣು ಕುಳಿತಿರುತ್ತದೆ. ಅದು ಒಂದು ಎಲೆಕ್ಟ್ರಾನನ್ನು ಪಡೆದು, ಮುಂದಿನದಕ್ಕೆ ದಾಟಿಸುತ್ತದೆ. ಬೆಂಕಿ ಆರಿಸಲು ಸಾಲಾಗಿ ನಿಂತು ನೀರಿನ ಕೊಡವನ್ನು ಕೈಯಿಂದ ಕೈಗೆ ದಾಟಿಸುವ ಊರಜನರಂತೆ, ಈ ಪ್ರೋಟೀನುಗಳು ಎಲೆಕ್ಟ್ರಾನುಗಳನ್ನು ಆಮ್ಲಜನಕದವರೆಗೆ ಸಾಗಿಸುತ್ತವೆ.

ಪ್ರಾಣಿಗಳ ಅಂಗಾಂಶದಲ್ಲಿ ಈ ಸರಪಳಿ ಸ್ಪಷ್ಟವಾಗಿತ್ತು. ಸಸ್ಯಗಳಲ್ಲೂ ಸೈಟೋಕ್ರೋಮ್ ಇರುವುದನ್ನು ಕೈಲಿನ್ ಕಂಡಿದ್ದರು. ಆದರೆ ಸಸ್ಯಗಳು ಉಸಿರಾಟಕ್ಕೆ ನಿಜವಾಗಿ ಇದೇ ದಾರಿಯನ್ನು ಬಳಸುತ್ತವೆಯೇ ಎಂಬುದು ಇತ್ಯರ್ಥವಾಗಿರಲಿಲ್ಲ. ಆಲೂಗಡ್ಡೆಯಂಥ ಸಸ್ಯಾಂಗಗಳನ್ನು ಪ್ರಯೋಗಕ್ಕೊಳಪಡಿಸಿದ ಕಮಲಾ, ಸೈಟೋಕ್ರೋಮ್ ಸಿ ಪ್ರೋಟೀನನ್ನು ಆಮ್ಲಜನಕದೊಂದಿಗೆ ಜೋಡಿಸುವ ಕಿಣ್ವ ಹೂಬಿಡುವ ಸಸ್ಯಗಳಲ್ಲೂ ಇದೆಯೆಂದು ತೋರಿಸಿದರು. ಹಿಲ್ ಮತ್ತು ಕಮಲಾ ಅವರ ಈ ವರದಿ 1939ರಲ್ಲಿ ನೇಚರ್ ಪತ್ರಿಕೆಯಲ್ಲಿ ಅಚ್ಚಾಯಿತು. ಸೈಟೋಕ್ರೋಮ್ ಸಿ ಯನ್ನೇ ಕಮಲಾ ಕಂಡುಹಿಡಿದರೆಂದು ಕೆಲವೆಡೆ ಬರೆಯುವುದುಂಟು. ಅದು ಅಷ್ಟು ಸರಿಯಲ್ಲ. ಮನುಷ್ಯ, ಪ್ರಾಣಿ ಮತ್ತು ಸಸ್ಯಗಳ ಉಸಿರಾಟದ ಮೂಲ ಒಂದೇ ಎಂಬ ಅರಿವಿಗೆ ಅವರು ಭದ್ರ ಆಧಾರ ಒದಗಿಸಿದರು. ಆ ಕೀರ್ತಿ ಅದಕ್ಕಿಂತ ಸಣ್ಣದೇನೂ ಅಲ್ಲ.

ಹದಿನಾಲ್ಕು ತಿಂಗಳಲ್ಲಿ ಸಿದ್ಧವಾದ ಅವರ ಪಿಎಚ್.ಡಿ. ಪ್ರಬಂಧ ಕೇವಲ 40 ಪುಟಗಳದು. ನೂರಾರು ಪುಟ ಬರೆಯುವವರ ನಡುವೆ ಈ ಮಿತವ್ಯಯ ಎದ್ದು ಕಾಣುತ್ತದೆ. ಸಸ್ಯವಿಜ್ಞಾನಿ ಇ.ಕೆ. ಜಾನಕಿ ಅಮ್ಮಾಳ್ ಅಮೆರಿಕದಲ್ಲಿ 1931ರಲ್ಲೇ ಡಿ.ಎಸ್ಸಿ. ಗಳಿಸಿದ್ದರು. ಪಿಎಚ್.ಡಿ. ಪಡೆದ ಮೊದಲಿಗರು ಕಮಲಾ. ಮಹಿಳೆಯರನ್ನು ದೂರವಿಟ್ಟ ವಿಷಯದಲ್ಲಿ ಬೆಂಗಳೂರನ್ನು ಮಾತ್ರ ದೂರುವಂತಿಲ್ಲ. ಕೇಂಬ್ರಿಜ್ ವಿಶ್ವವಿದ್ಯಾಲಯ ಮಹಿಳೆಯರನ್ನು ಪೂರ್ಣ ಸದಸ್ಯರನ್ನಾಗಿ ಒಪ್ಪಿಕೊಂಡಿದ್ದು 1948ರಲ್ಲಿ, ಕಮಲಾ ಅಲ್ಲಿಂದ ಮರಳಿ ಒಂಬತ್ತು ವರ್ಷಗಳಾದ ಮೇಲೆ.

ಮರಳಿ ತಾಯ್ನಾಡಿಗೆ

ವಿದೇಶದಲ್ಲಿ ಉಳಿಯುವ ಅವಕಾಶಗಳಿದ್ದರೂ 1939ರಲ್ಲಿ ಕಮಲಾ ಭಾರತಕ್ಕೆ ಮರಳಿದರು. ದಿಲ್ಲಿಯ ಲೇಡಿ ಹಾರ್ಡಿಂಜ್ ವೈದ್ಯಕೀಯ ಕಾಲೇಜಿನಲ್ಲಿ ಜೀವರಸಾಯನ ವಿಭಾಗದ ಮುಖ್ಯಸ್ಥರಾದರು. ಬಳಿಕ ಕೂನೂರಿನ ಪೌಷ್ಟಿಕಾಂಶ ಸಂಶೋಧನಾಲಯದಲ್ಲಿ ಸಹಾಯಕ ನಿರ್ದೇಶಕರಾಗಿ ಜೀವಸತ್ವಗಳ ಪರಿಣಾಮವನ್ನು ಅಭ್ಯಸಿಸಿದರು. 1947ರಲ್ಲಿ ಎಂ.ವಿ. ಸೊಹೊನಿ ಅವರನ್ನು ವಿವಾಹವಾಗಿ ಮುಂಬಯಿಗೆ ಬಂದರು. ಅಲ್ಲಿಯ ವಿಜ್ಞಾನ ಸಂಸ್ಥೆಯಲ್ಲಿ ಜೀವರಸಾಯನದ ಪ್ರಾಧ್ಯಾಪಕಿಯಾಗಿ ಸಂಶೋಧಕರ ಪಡೆಯೊಂದನ್ನೇ ಬೆಳೆಸಿದರು.

ಅವರು ಆರಿಸಿಕೊಂಡ ವಿಷಯಗಳು ಬಡವರ ಆಹಾರಕ್ಕೆ ಸಂಬಂಧಿಸಿದವು. ಬೇಳೆಕಾಳು, ಭತ್ತದ ಹಿಟ್ಟು ಮತ್ತು ನೀರಾ. ತಾಳೆಯ ಮರದಿಂದ ಇಳಿಸುವ ಈ ಸಿಹಿ ರಸದ ಪೌಷ್ಟಿಕ ಗುಣವನ್ನು ಪರೀಕ್ಷಿಸುವ ಕಾರ್ಯ ಅಂದಿನ ರಾಷ್ಟ್ರಪತಿ ಬಾಬು ರಾಜೇಂದ್ರ ಪ್ರಸಾದ್ ಅವರ ಸೂಚನೆಯಿಂದ ಆರಂಭವಾಯಿತು. ಅಪೌಷ್ಟಿಕತೆಯಿಂದ ಬಳಲುವ ಆದಿವಾಸಿ ಹರೆಯದವರ ಹಾಗೂ ಗರ್ಭಿಣಿಯರ ಆಹಾರದಲ್ಲಿ ನೀರಾ ಸೇರಿಸಿದಾಗ ಆರೋಗ್ಯ ಸುಧಾರಿಸಿದ್ದನ್ನು ಅವರು ದಾಖಲಿಸಿದರು. ಈ ಕೆಲಸಕ್ಕೆ ರಾಷ್ಟ್ರಪತಿ ಪುರಸ್ಕಾರ ಸಂದಿತು. ಆರೆ ಹಾಲು ಯೋಜನೆಗೂ ಗುಣಮಟ್ಟದ ವಿಷಯದಲ್ಲಿ ಸಲಹೆ ನೀಡಿದರು.

ಇಷ್ಟಾದರೂ ಸಂಸ್ಥೆಯ ನಿರ್ದೇಶಕ ಹುದ್ದೆ ನ್ಯಾಯವಾಗಿ ದೊರೆಯಬೇಕಾದ ಕಾಲಕ್ಕೆ ದೊರೆಯಲಿಲ್ಲ. ನಾಲ್ಕು ವರ್ಷಗಳ ಕಾಲ ಅದು ತಪ್ಪುತ್ತಲೇ ಹೋಯಿತು. ಕೊನೆಗೆ ಹುದ್ದೆ ಬಂದಾಗ ಅವರು ಅದನ್ನು ಸಮರ್ಥವಾಗಿ ನಿರ್ವಹಿಸಿದರು. 1933ರಲ್ಲಿ ಕಳೆದುಹೋದ ಒಂದು ವರ್ಷ, ನಂತರ ಕಳೆದುಹೋದ ಈ ನಾಲ್ಕು ವರ್ಷ. ಯಾವ ಪ್ರಶಸ್ತಿಯೂ ಇವುಗಳನ್ನು ಹಿಂದಿರುಗಿಸಲಾರದು.

ನಿವೃತ್ತಿಯ ಬದುಕಿನಲ್ಲಿ ಅವರ ಜ್ಞಾನ ಗ್ರಾಹಕರ ನೆರವಿಗೆ ಒದಗಿತು. 1966ರಲ್ಲಿ ಮುಂಬಯಿಯಲ್ಲಿ ಒಂಬತ್ತು ಮಂದಿ ಮಹಿಳೆಯರು ಕಟ್ಟಿದ ಭಾರತೀಯ ಗ್ರಾಹಕ ಮಾರ್ಗದರ್ಶನ ಸಂಘದಲ್ಲಿ ಅವರು ದುಡಿದರು. 1982–83ರಲ್ಲಿ ಅದರ ಅಧ್ಯಕ್ಷೆಯಾದರು. ಸಂಘದ ಪತ್ರಿಕೆ ಕೀಮತ್‌ಗೆ ಲೇಖನಗಳನ್ನು ಬರೆದು ಗ್ರಾಹಕರಲ್ಲಿ ತಿಳಿವಳಿಕೆ ಮೂಡಿಸಿದರು.

ಉಸಿರಿನಿಂದ ಸಾವಿನವರೆಗೆ

ಕಮಲಾ ಅಭ್ಯಸಿಸಿದ ಉಸಿರಾಟದ ಸರಪಳಿಗೆ ಇನ್ನೊಂದು ಮುಖವಿರುವುದು ಅವರ ಕೊನೆಯ ವರ್ಷಗಳಲ್ಲಿ ಬೆಳಕಿಗೆ ಬಂತು. 1996ರಲ್ಲಿ ಅಮೆರಿಕದಲ್ಲಿದ್ದ ಷಿಯಾಡಾಂಗ್ ವಾಂಗ್ ಮತ್ತು ಸಂಗಡಿಗರು ವಿಸ್ಮಯದ ಸಂಗತಿಯೊಂದನ್ನು ಪ್ರಕಟಿಸಿದರು. ಉಸಿರಾಟಕ್ಕೆ ನೆರವಾಗುವ ಸೈಟೋಕ್ರೋಮ್ ಸಿ, ಮೈಟೊಕಾಂಡ್ರಿಯಾದಿಂದ ಹೊರಸೋರಿದರೆ ಅದೇ ಕೋಶದ ಸಾವಿಗೆ ಆಜ್ಞೆಯಾಗುತ್ತದೆ. ಅಪೊಪ್ಟೋಸಿಸ್ ಎನ್ನುವ ಈ ಕ್ರಮಬದ್ಧ ಸಾವಿನಲ್ಲಿ ಕೋಶ ತನ್ನನ್ನು ತಾನೇ ಕಳಚಿಕೊಳ್ಳುತ್ತದೆ. ಕ್ಯಾನ್ಸರ್‌ನ ಅನೇಕ ಔಷಧಿಗಳು ಮತ್ತು ವಿಕಿರಣ ಚಿಕಿತ್ಸೆ ಬಹುಮಟ್ಟಿಗೆ ಈ ಮಾರ್ಗವನ್ನೇ ನೆಚ್ಚಿಕೊಂಡಿವೆ. ತೊಂದರೆಯೆಂದರೆ, ಕ್ಯಾನ್ಸರ್ ಕೋಶಗಳು ಈ ಆಜ್ಞೆಯನ್ನು ಕೇಳದಿರುವುದನ್ನು ಕಲಿತುಬಿಡುತ್ತವೆ.

ಎರಡನೆಯ ದಾರಿ ಕಾಣಿಸಿದ್ದು ಕಮಲಾ ತೀರಿಕೊಂಡ ಮೇಲೆ. 2012ರಲ್ಲಿ ಕೊಲಂಬಿಯಾ ವಿಶ್ವವಿದ್ಯಾಲಯದ ಸ್ಕಾಟ್ ಡಿಕ್ಸನ್, ಬ್ರೆಂಟ್ ಸ್ಟಾಕ್‌ವೆಲ್ ಮತ್ತು ಸಂಗಡಿಗರು ಕಬ್ಬಿಣವನ್ನು ಅವಲಂಬಿಸಿದ ಸಾವೊಂದನ್ನು ವಿವರಿಸಿ ಅದಕ್ಕೆ ಫೆರೊಪ್ಟೋಸಿಸ್ ಎಂದು ಹೆಸರಿಟ್ಟರು. ಇದಕ್ಕೆ ಸೈಟೋಕ್ರೋಮ್ ಸಿ ಯ ಆಜ್ಞೆ ಬೇಕಿಲ್ಲ. ಕೋಶದ ಪೊರೆಯ ಕೊಬ್ಬು ಕೆಡುವುದೇ ಇಲ್ಲಿ ಸಾವಿನ ಕಾರಣ. ಉತ್ತರ ಕರ್ನಾಟಕದ ಅಡುಗೆಮನೆಗಳಿಗೆ ಕುಸುಬಿ ಎಣ್ಣೆ ಚಿರಪರಿಚಿತ. ಗಾಳಿಗೆ ತೆರೆದಿಟ್ಟರೆ ಅದು ಬೇಗ ಕಮಟು ಹಿಡಿಯುತ್ತದೆ. ಕೋಶದ ಪೊರೆಯಲ್ಲೂ ಅದೇ ಜಾತಿಯ ಕೊಬ್ಬಿನಾಮ್ಲಗಳಿವೆ. ಅಂಕೆ ತಪ್ಪಿದ ಕಬ್ಬಿಣ ಅವುಗಳನ್ನು ಕಮಟು ಹಿಡಿಸುತ್ತದೆ, ಪೊರೆ ಬಿರಿದು ಕೋಶ ಸಾಯುತ್ತದೆ. ಕಬ್ಬಿಣ ಮತ್ತು ಹೈಡ್ರೋಜನ್ ಪೆರಾಕ್ಸೈಡ್ ಸೇರಿದಾಗ ನಡೆಯುವ ಈ ಉಗ್ರ ಕ್ರಿಯೆಯನ್ನು 1894ರಲ್ಲಿ ವರದಿ ಮಾಡಿದ ಹೆನ್ರಿ ಫೆಂಟನ್ ಕೇಂಬ್ರಿಜ್‌ನವರೇ.

ಕೋಶ ಇದನ್ನು ತಡೆಯುವುದು ಗ್ಲುಟಾಥಯೋನ್ ಎಂಬ ಸಣ್ಣ ಅಣುವಿನ ಬಲದಿಂದ. ಅದರ ನೆರವಿನಿಂದ ಜಿಪಿಎಕ್ಸ್4 ಎಂಬ ಕಿಣ್ವ ಕೆಟ್ಟ ಕೊಬ್ಬನ್ನು ಆಗಿಂದಾಗ್ಗೆ ದುರಸ್ತಿ ಮಾಡುತ್ತದೆ. ಈ ಗ್ಲುಟಾಥಯೋನನ್ನು 1921ರಲ್ಲಿ ಬೇರ್ಪಡಿಸಿ ಹೆಸರಿಟ್ಟವರು ಮತ್ತಾರೂ ಅಲ್ಲ, ಕಮಲಾ ಕೆಲಸ ಮಾಡಿದ ಪ್ರಯೋಗಾಲಯದ ಯಜಮಾನ ಹಾಪ್ಕಿನ್ಸ್. ಕಬ್ಬಿಣದ ಉಪಕಾರವನ್ನು ಅರಿಯಲು ಕಮಲಾ ಹೆಣಗುತ್ತಿದ್ದ ಮನೆಯಲ್ಲೇ, ಕಬ್ಬಿಣದ ಅಪಕಾರವನ್ನು ತಡೆಯುವ ಕಾವಲುಗಾರನೂ ಪತ್ತೆಯಾಗಿದ್ದ.

ಚಯಾಪಚಯದಲ್ಲಿ ಓಡಾಡುವ ಸಣ್ಣ ಅಣುಗಳು, ಅಂದರೆ ಮೆಟಬೊಲೈಟ್‌ಗಳು ಈ ಸಾವಿನ ಬಾಗಿಲನ್ನು ತೆರೆಯಬಲ್ಲವು, ಮುಚ್ಚಲೂಬಲ್ಲವು. ಗ್ಲುಟಾಥಯೋನ್ ತಯಾರಾಗಲು ಸಿಸ್ಟೀನ್ ಬೇಕು. ಕೋಶ ಅದನ್ನು ಸಿಸ್ಟಿನ್ ರೂಪದಲ್ಲಿ ಹೊರಗಿನಿಂದ ತರಿಸಿಕೊಳ್ಳುತ್ತದೆ, ಬದಲಿಗೆ ಗ್ಲುಟಮೇಟನ್ನು ಹೊರಹಾಕುತ್ತದೆ. ಹೊರಗೆ ಗ್ಲುಟಮೇಟ್ ಅತಿಯಾದರೆ ಈ ವಿನಿಮಯ ನಿಂತು, ಕಾವಲು ಸಡಿಲಾಗುತ್ತದೆ. ರೋಗನಿರೋಧಕ ಟಿ ಕೋಶಗಳು ಸ್ರವಿಸುವ ಇಂಟರ್‌ಫೆರಾನ್ ಗಾಮಾ ಜೊತೆಗೆ ಅರಾಕಿಡೋನಿಕ್ ಆಮ್ಲವೆಂಬ ಕೊಬ್ಬಿನಾಮ್ಲ ಸೇರಿದರೆ ಗಡ್ಡೆಯ ಕೋಶಗಳು ಫೆರೊಪ್ಟೋಸಿಸ್‌ನಿಂದ ಸಾಯುತ್ತವೆಂದು 2022ರ ಅಧ್ಯಯನವೊಂದು ತೋರಿಸಿತು. ವೇಗವಾಗಿ ವಿಭಜಿಸುವ ಅನೇಕ ಕ್ಯಾನ್ಸರ್ ಕೋಶಗಳಿಗೆ ಕಬ್ಬಿಣದ ಹಸಿವು ಹೆಚ್ಚು. ಆ ಹಸಿವೇ ಅವುಗಳ ದೌರ್ಬಲ್ಯವೂ ಆಗಬಹುದು. ಔಷಧಿಗೆ ಬಗ್ಗದೆ ಉಳಿದುಕೊಂಡ ಕೋಶಗಳು ಜಿಪಿಎಕ್ಸ್4ರ ಮೇಲೆಯೇ ಹೆಚ್ಚು ಅವಲಂಬಿತವಾಗಿವೆ ಎಂದು 2017ರಲ್ಲಿ ಪ್ರಕಟವಾದ ಸಂಶೋಧನೆಗಳು ತಿಳಿಸಿದವು.

ಆದರೆ ಇದು ಸಿದ್ಧೌಷಧವಲ್ಲ. ಹುಬ್ಬಳ್ಳಿಯ ನವನಗರದ ಕ್ಯಾನ್ಸರ್ ಆಸ್ಪತ್ರೆಗೆ ಬರುವ ರೋಗಿಗೆ ಇಂದು ದೊರೆಯುವುದು ಶಸ್ತ್ರಚಿಕಿತ್ಸೆ, ವಿಕಿರಣ, ಕಿಮೊಥೆರಪಿಗಳೇ. ಫೆರೊಪ್ಟೋಸಿಸ್ ಇನ್ನೂ ಬಹುಪಾಲು ಪ್ರಯೋಗಾಲಯದಲ್ಲಿಯೇ ಇದೆ. ಮೆದುಳು, ಮೂತ್ರಪಿಂಡಗಳಂಥ ಆರೋಗ್ಯವಂತ ಅಂಗಗಳ ಕೋಶಗಳೂ ಇದೇ ರೀತಿ ಸಾಯಬಲ್ಲವಾದ್ದರಿಂದ ಗಡ್ಡೆಯನ್ನಷ್ಟೇ ಗುರಿಯಾಗಿಸುವುದು ಕಠಿಣ ಸವಾಲು. ಇದನ್ನು ಓದಿ ಯಾರೂ ಕಬ್ಬಿಣದ ಮಾತ್ರೆಯನ್ನು ತಾವಾಗಿ ನುಂಗುವುದಾಗಲೀ, ವೈದ್ಯರು ಬರೆದುಕೊಟ್ಟದ್ದನ್ನು ನಿಲ್ಲಿಸುವುದಾಗಲೀ ಸಲ್ಲದು.

ತಡವಾಗಿ ಬಂದ ಮನ್ನಣೆ

ಕಮಲಾ ಅವರ ಸಾಧನೆಯನ್ನು ದೇಶ ಬಹುಕಾಲ ಮರೆತಿತ್ತು. ಭಾರತೀಯ ವೈದ್ಯಕೀಯ ಸಂಶೋಧನಾ ಮಂಡಳಿಯ ಮುಖ್ಯಸ್ಥೆಯಾಗಿದ್ದ ಡಾ. ಜಿ.ವಿ. ಸತ್ಯವತಿ ಅವರು ಈ ಹಿರಿಯ ವಿಜ್ಞಾನಿಯ ಕಥೆ ತಿಳಿದು ದಿಲ್ಲಿಗೆ ಆಹ್ವಾನಿಸಿ ಸನ್ಮಾನ ಏರ್ಪಡಿಸಿದರು. ಆ ಸಮಾರಂಭದಲ್ಲೇ ಕಮಲಾ ಕುಸಿದರು. ಮತ್ತೆ ಚೇತರಿಸಿಕೊಳ್ಳದ ಅವರು 1998ರಲ್ಲಿ ನಿಧನರಾದರು. ಬದುಕಿನುದ್ದಕ್ಕೂ ತಡವಾಗಿಯೇ ಬಂದ ಮನ್ನಣೆ ಕೊನೆಗೂ ತಡವಾಗಿಯೇ ಬಂತು. 2023ರ ಜೂನ್ 18ರಂದು ಗೂಗಲ್ ತನ್ನ ಮುಖಪುಟದಲ್ಲಿ ಅವರ ಚಿತ್ರ ಹಾಕಿದಾಗ ಅನೇಕ ಭಾರತೀಯರು ಆ ಹೆಸರನ್ನು ಮೊದಲ ಬಾರಿಗೆ ಕೇಳಿದರು.

ಧಾರವಾಡದ ಕರ್ನಾಟಕ ವಿಶ್ವವಿದ್ಯಾಲಯದಲ್ಲಿ ಇಂದು ಜೀವರಸಾಯನ ಓದುವ ವಿದ್ಯಾರ್ಥಿನಿ ಪ್ರವೇಶಕ್ಕಾಗಿ ಯಾರ ಕೊಠಡಿಯ ಮುಂದೆಯೂ ಸತ್ಯಾಗ್ರಹ ಹೂಡಬೇಕಿಲ್ಲ. ಸೈಟೋಕ್ರೋಮ್ ಸಿ ಆಕೆಗೆ ಪಠ್ಯಪುಸ್ತಕದ ಒಂದು ಚಿತ್ರ, ಫೆರೊಪ್ಟೋಸಿಸ್ ಆಕೆಯ ಪೀಳಿಗೆ ಬಿಡಿಸಬೇಕಾದ ಒಗಟು. ಆ ಒಗಟಿನ ಕೊನೆಯ ಗಂಟನ್ನು ಬಿಚ್ಚುವ ಕೈ ಯಾರದೋ ಯಾರೂ ಅರಿಯರು. ಆದ್ದರಿಂದಲೇ ಯಾವ ಕೈಯನ್ನೂ ಬಾಗಿಲಲ್ಲಿ ತಡೆಯಬಾರದು. ಕಮಲಾ ಸೊಹೊನಿ 1933ರಲ್ಲಿ ನಿರ್ದೇಶಕರ ಕಚೇರಿಯ ಮುಂದೆ ನಿಂತು ಕೇಳಿದ್ದು ಇಷ್ಟನ್ನೇ.